ಕುಕ್ಕಪ್ಪ ಮಾಸ್ಟ್ರ ಮಂಗಳ ಪ್ರಸಂಗ

ಬಾಯಿ ತುಂಬ ಗೋಳಿಬಜೆ ಇರುವಾಗ ಯಾರಾದರೂ ಅಭಿಪ್ರಾಯ ಕೇಳಿದರೆ ತಲೆ ಅಲ್ಲಾಡಿಸಿ ಸುಮ್ಮನಿರಬೇಕು. ಕುಕ್ಕಪ್ಪ ಮಾಸ್ಟ್ರು ಸುಮ್ಮನಿರಲಿಲ್ಲ. ಬಜೆ ನುಂಗಿ, ಮೀಸೆ ಒರೆಸಿಕೊಂಡು ಮಾತಾಡಿಯೇಬಿಟ್ಟರು. ಎಲ್ಲ ಶುರುವಾದದ್ದು ಅಲ್ಲಿಂದಲೇ.

ಪುತ್ತೂರಿನ ದರ್ಬೆಯಲ್ಲಿ ‘ನಕ್ಷತ್ರ ಬಳಗ’ ಎಂಬ ಆಕಾಶ ನೋಡುವವರ ಕೂಟವೊಂದಿದೆ. ಬ್ಯಾಂಕಿನಿಂದ ನಿವೃತ್ತರಾದ ಯಜ್ಞೇಶ್ವರ ಭಟ್ಟರು ಅದರ ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಕುರ್ಚಿ ಜೋಡಿಸುವವರು. ಮನುಷ್ಯ ಮಂಗಳ ಗ್ರಹಕ್ಕೆ ಹೋಗುವುದಾದರೆ ಅಣುಶಕ್ತಿಯ ರಾಕೆಟ್ಟಿನಲ್ಲಿ ಹೋಗಬೇಕೋ, ಬಿಸಿಲು ದೂಡುವ ಹಾಯಿ ಕಟ್ಟಿಕೊಂಡು ಹೋಗಬೇಕೋ ಎಂಬ ಬಗ್ಗೆ ಒಂದು ವಿಚಾರಗೋಷ್ಠಿ ಇಡೋಣ ಎಂದು ಭಟ್ಟರು ಬಳಗದ ಸಭೆಯಲ್ಲಿ ಪ್ರಸ್ತಾಪಿಸಿದರು. ಆಗ ನಮ್ಮ ಮಾಸ್ಟ್ರು ಹೇಳಿದ್ದಿಷ್ಟೇ: “ಗೋಷ್ಠಿ ಅಂದ್ರೆ ಭಾಷಣ ಮಾಡುವವರು ಬಿಟ್ರೆ ಬೇರೆ ಯಾರೂ ಬರ್ಲಿಕ್ಕಿಲ್ಲ. ತಾಳಮದ್ದಳೆ ಮಾಡಿ. ನಮ್ಮ ಊರಲ್ಲಿ ವಾದ ಅಂದ್ರೆ ಅದೇ ಅಲ್ವಾ?”

ಹೌದೇ ಹೌದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಇಬ್ಬರು ಅರ್ಥಧಾರಿಗಳು ಎದುರುಬದುರು ಕೂತು ಪಾತ್ರವೇ ತಾವಾಗಿ ವಾದಕ್ಕಿಳಿಯುತ್ತಾರೆ. ರಾಮನಿಗೂ ವಾಲಿಗೂ ಆಗುವುದಾದರೆ ಅಣುವಿಗೂ ಬೆಳಕಿಗೂ ಯಾಕಾಗಬಾರದು? ಭಟ್ಟರು ಎದ್ದು ನಿಂತು ಮಾಸ್ಟ್ರ ಕೈ ಕುಲುಕಿದರು. ವಾರದೊಳಗೆ ಆಮಂತ್ರಣ ಪತ್ರಿಕೆ ಬಂತು. ‘ಪ್ರಸಂಗ: ಮಂಗಳಯಾನ. ಅಣುತೇಜನ ಪಾತ್ರ: ಅರಂತೋಡು ಹೈಸ್ಕೂಲಿನ ಪರವಾಗಿ ಶ್ರೀ ಕುಕ್ಕಪ್ಪ. ಸೌರಪಟನ ಪಾತ್ರ: ಪುತ್ತೂರಿನ ಕಾಲೇಜಿನ ಪರವಾಗಿ ಶ್ರೀ ಗಿರಿಧರ. ಗೆದ್ದ ಪಾತ್ರದ ಸಂಸ್ಥೆಗೆ ಟೆಲಿಸ್ಕೋಪು ಬಹುಮಾನ.’

ಪತ್ರಿಕೆಯಲ್ಲಿ ಟೆಲಿಸ್ಕೋಪಿನ ಚಿತ್ರವೂ ಇತ್ತು. ಮಾಸ್ಟ್ರು ಹೆಚ್ಚು ಹೊತ್ತು ನೋಡಿದ್ದು ಅದನ್ನೇ.

ಇದಕ್ಕೆ ಕಾರಣವಿದೆ. ಇಪ್ಪತ್ತೆರಡು ವರ್ಷಗಳಿಂದ ಅವರು ಬೋರ್ಡಿನ ಮೇಲೆ ಶನಿಗ್ರಹ ಬರೆದು, ಸುತ್ತ ಬಳೆ ಬರೆದು ಪಾಠ ಮಾಡುತ್ತ ಬಂದವರು. ಪ್ರತಿ ವರ್ಷವೂ ಒಬ್ಬಳಾದರೂ ಹುಡುಗಿ ಎದ್ದು ನಿಂತು, “ಸರ್, ನೀವು ನೋಡಿದ್ದೀರಾ?” ಎಂದು ಕೇಳುತ್ತಿದ್ದಳು. ಪ್ರತಿ ವರ್ಷವೂ ಮಾಸ್ಟ್ರು, “ಪುಸ್ತಕದಲ್ಲಿ ನೋಡಿದ್ದೇನೆ” ಎನ್ನುತ್ತಿದ್ದರು. ಈ ಉತ್ತರ ಕೊಟ್ಟು ಕೊಟ್ಟು ಅವರಿಗೆ ನಾಚಿಕೆ ಬಂದುಹೋಗಿತ್ತು. ಸಾಯುವುದರೊಳಗೆ ಆ ಬಳೆಯನ್ನು ಒಮ್ಮೆ ಸ್ವಂತ ಕಣ್ಣಿನಿಂದ ನೋಡಬೇಕು, ಮಕ್ಕಳಿಗೂ ತೋರಿಸಬೇಕು. ಬೇರೆ ಆಸೆಯೇ ಇರಲಿಲ್ಲ ಪಾಪ.

ಒಂದು ತಿಂಗಳು ಓದಿದರು. ಇನ್ನೂರು ಪುಟದ ನೋಟು ಪುಸ್ತಕ ಅಣುತೇಜನ ವಾದದಿಂದ ತುಂಬಿತು. ಊಟಕ್ಕೆ ಕೂತಾಗಲೂ, “ಎಲವೋ ಸೌರಪಟ!” ಎಂದು ಗುಡುಗುತ್ತಿದ್ದರು. “ಸೌರಪಟನಿಗೆ ಸಾರು ಬೇಕಾ ಸಾಕಾ, ಅದನ್ನೊಂದು ಹೇಳಿ” ಎನ್ನುತ್ತಿದ್ದರು ಹೆಂಡತಿ ಕಮಲಾವತಿ.

ಕಾರ್ಯಕ್ರಮದ ದಿನ, ಭಾನುವಾರ ಮಧ್ಯಾಹ್ನ ಹೊರಡುವಾಗ ಹೊಲಿಗೆ ಟೀಚರ್ ಝುಲೈಖಾ ಓಡಿಬಂದರು. ಕೈಯಲ್ಲಿ ನೀಲಿ ಬಟ್ಟೆಯ ದೊಡ್ಡ ಚೀಲ. ಮೇಲೆ ಹಳದಿ ನೂಲಿನಲ್ಲಿ ಬಳೆ ಸಮೇತ ಶನಿಗ್ರಹ.

“ಟೆಲಿಸ್ಕೋಪಿಗೆ ಸರ್. ಪೆಟ್ಟಿಗೆ ಅಳತೆ ಭಟ್ಟರಿಗೆ ಫೋನ್ ಮಾಡಿ ಕೇಳಿದೆ. ಮಕ್ಕಳೆಲ್ಲ ಸೇರಿ ಹೊಲಿದದ್ದು.”

“ಗೆದ್ದ ಮೇಲೆ ಹೊಲಿದರೆ ಸಾಕಿತ್ತಲ್ಲ ಟೀಚರ್?”

“ನೀವು ಸೋಲುದುಂಟಾ ಸರ್?” ಎಂದರು ಝುಲೈಖಾ. ಮಾಸ್ಟ್ರು ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡರು.

ಬಾಡಿಗೆ ಜೀಪು ಊರಿನ ಅಬ್ದುಲ್ ರಹ್ಮಾನನದು. ಟೆಲಿಸ್ಕೋಪಿಗೆ ದಾರಿಯಲ್ಲಿ ಪೆಟ್ಟಾಗಬಾರದೆಂದು ಅವನು ಹಿಂದಿನ ಸೀಟು ಕಳಚಿ ಒಂದು ಹಳೆಯ ಹಾಸಿಗೆ ಹಾಸಿದ್ದ. ಸುಳ್ಯ ದಾಟುವವರೆಗೆ ರಸ್ತೆ ನೋಡಿ ಓಡಿಸಿದ. ಆಮೇಲೆ ಅವನಿಗೆ ತಡೆಯಲಿಲ್ಲ.

“ಅಲ್ಲ ಮಾಸ್ಟ್ರೆ, ಈಗ ಹೋಗುವ ರಾಕೆಟ್ಟಿಗೆ ಎಂತ ಆಗಿದೆ?”

“ನೋಡು, ನೀನು ಕಾಶ್ಮೀರಕ್ಕೆ ಹೊರಟೆ. ದಾರಿಯಲ್ಲಿ ಒಂದೂ ಪೆಟ್ರೋಲ್ ಬಂಕ್ ಇಲ್ಲ. ಎಂತ ಮಾಡ್ತೀ?”

“ಡೀಸೆಲ್ ಇಲ್ಲಿಂದಲೇ ತುಂಬಿಸಿಕೊಳ್ಳುದು.”

“ಆ ಡೀಸೆಲಿನ ಭಾರ ಎಳೀಲಿಕ್ಕೆ ಮತ್ತಷ್ಟು ಡೀಸೆಲ್ ಬೇಕಲ್ಲ?”

ಅಬ್ದುಲ್ ರಹ್ಮಾನ್ ಗೇರು ಬದಲಿಸುವುದನ್ನೇ ಮರೆತ. “ಹೌದಲ್ಲ! ಡೀಸೆಲ್ ಎಳೀಲಿಕ್ಕೇ ಡೀಸೆಲ್! ಹಾಗಾದ್ರೆ ನಿಮ್ಮ ಅಣು?”

“ಅದು ಬಚ್ಚಲೊಲೆ ಇದ್ದ ಹಾಗೆ. ಹಂಡೆಯಲ್ಲಿ ಹೈಡ್ರೋಜನ್. ಅಣುವಿನ ಬೆಂಕಿಗೆ ಅದು ಕಾದು ಹಿಂದಿನಿಂದ ಭರ್ರ್ ಅಂತ ಹೋಗ್ತದೆ, ರಾಕೆಟ್ ಮುಂದೆ ಹೋಗ್ತದೆ. ಅಷ್ಟೇ ಭಾರದಲ್ಲಿ ಹೆಚ್ಚುಕಡಿಮೆ ಎರಡರಷ್ಟು ಕೆಲಸ.”

“ಎದುರಿನವರದ್ದು?”

“ಅದು ಹಾಯಿ. ದೋಣಿಗೆ ಗಾಳಿ, ಇದಕ್ಕೆ ಬಿಸಿಲು. ಒಂದು ಎಕರೆ ಅಗಲದ ಹಾಯಿ ಬಿಡಿಸಿದ್ರೆ ಬಿಸಿಲು ಅದನ್ನು ದೂಡುದು ಅರ್ಧ ಅಡಿಕೆಯ ಭಾರದಷ್ಟು.”

“ಅರ್ಧ ಅಡಿಕೆ! ಅದ್ರಲ್ಲಿ ಮಂಗಳ ಬಿಡಿ, ಮಂಗಳೂರಿಗೆ ಎತ್ತುದುಂಟಾ?”

“ಆದ್ರೆ ನಿಲ್ಲದೆ ದೂಡ್ತಾ ಇರ್ತದೆ ಮಾರಾಯ. ಹಗಲೂ ರಾತ್ರಿ, ವರ್ಷಗಟ್ಟಲೆ. ವೇಗ ಏರ್ತಲೇ ಹೋಗ್ತದೆ.”

ಅಬ್ದುಲ್ ರಹ್ಮಾನ್ ಕನಕಮಜಲಿನವರೆಗೆ ಇದನ್ನೇ ಯೋಚಿಸಿದ. ಆಮೇಲೆ ಕೇಳಿದ: “ಅದಕ್ಕೆ ಬ್ರೇಕ್ ಎಲ್ಲಿ ಉಂಟು?”

ಮಾಸ್ಟ್ರು ಕುಣಿದಾಡುವುದೊಂದು ಬಾಕಿ. ಒಂದು ತಿಂಗಳು ಓದಿದರೂ ಇಷ್ಟು ಚೂಪಾದ ಪ್ರಶ್ನೆ ಅವರಿಗೆ ಹೊಳೆದಿರಲಿಲ್ಲ. ನೋಟು ಪುಸ್ತಕ ತೆಗೆದು, ‘ಎಲವೋ ಸೌರಪಟ, ನಿನಗೆ ಬ್ರೇಕುಂಟೋ?’ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡರು. ಮರುಕ್ಷಣವೇ ಗಿರಿಧರ ಇದಕ್ಕೆ ಏನು ಉತ್ತರ ಕೊಟ್ಟಾನು ಎಂಬ ಹೆದರಿಕೆ ಹುಟ್ಟಿ ಅದನ್ನೂ ಯೋಚಿಸಿಟ್ಟುಕೊಂಡರು. ಹೆದರುವವನ ತಲೆಯಲ್ಲಿ ಎರಡೂ ಪಕ್ಷದ ವಕೀಲರು ಕೂತಿರುತ್ತಾರೆ.

ಕುಂಬ್ರದಲ್ಲಿ ಚಹಾಕ್ಕೆ ನಿಲ್ಲಿಸಬಾರದಿತ್ತು. ನಿಲ್ಲಿಸಿದರು. ಅಬ್ದುಲ್ ರಹ್ಮಾನ್ ಅರ್ಧ ಅಡಿಕೆಯ ಸಂಗತಿಯನ್ನು ಹೋಟೆಲಿನಲ್ಲಿ ಬಾಯಿ ಬಿಟ್ಟ. ಅಷ್ಟೇ, ಬೆಂಚುಗಳು ಎರಡು ಪಕ್ಷವಾದವು. “ರಾಕೆಟ್ ಇಲ್ಲೇ ಬಿದ್ದು ಒಡೆದ್ರೆ ಆ ವಿಷ ಯಾರ ತೋಟಕ್ಕೆ?” ಎಂದರೊಬ್ಬರು. “ಒಲೆ ಹೊತ್ತಿಸುದು ಮೇಲೆ ಹೋದ ಮೇಲಂತೆ ಮಾರಾಯ್ರೆ” ಎಂದರು ಇನ್ನೊಬ್ಬರು. ಒಬ್ಬರು ಲುಂಗಿಯನ್ನೇ ಗಾಳಿಗೆ ಹಿಡಿದು ಹಾಯಿ ಓರೆ ಮಾಡುವುದು ಹೇಗೆಂದು ತೋರಿಸಹೊರಟು ಸಭ್ಯತೆಯ ಗಡಿಯವರೆಗೆ ಹೋಗಿ ಬಂದರು. ಅಂತೂ ಮಾಸ್ಟ್ರು ದರ್ಬೆ ತಲುಪುವಾಗ ಮೂರು ಗಂಟೆಯ ಕಾರ್ಯಕ್ರಮಕ್ಕೆ ಮೂರೂಕಾಲು.

ಸಭಾಭವನ ಭರ್ತಿ. ಬಾಗಿಲಲ್ಲಿ ಯಜ್ಞೇಶ್ವರ ಭಟ್ಟರು ಬೆವರು ಒರೆಸುತ್ತ ನಿಂತಿದ್ದರು.

“ಬಂದ್ರಾ! ಗಿರಿಧರ ಬರ್ಲಿಲ್ಲ ಮಾರಾಯ್ರೆ. ಕಡಬದಲ್ಲಿ ಮದುವೆ ಊಟಕ್ಕೆ ಹೋದವರದ್ದು ಕಾರಿನ ಕ್ಲಚ್ ಹೋಗಿದೆಯಂತೆ. ಹೆದರ್ಬೇಡಿ, ಪದ್ಮಯ್ಯನವರು ಇದ್ದಾರೆ.”

ಪದ್ಮಯ್ಯನವರೆಂದರೆ ಎಪ್ಪತ್ತು ದಾಟಿದ ಹಳೆ ಹುಲಿ. ನಲವತ್ತು ವರ್ಷ ರಾವಣ, ಕೌರವ, ಮಾಗಧರ ಅರ್ಥ ಹೇಳಿದವರು. ಪ್ರೇಕ್ಷಕರಾಗಿ ಬಂದವರನ್ನು ಭಟ್ಟರು ಹಿಡಿದುಹಾಕಿದ್ದರು. ತಾಳಮದ್ದಳೆಯಲ್ಲಿ ಇದೇನೂ ಹೊಸತಲ್ಲ. ಅರ್ಥಧಾರಿ ಬರದಿದ್ದರೆ ಇದ್ದವರು ಪಾತ್ರ ಹಂಚಿಕೊಳ್ಳುತ್ತಾರೆ. ನಿನ್ನೆಯ ಕೃಷ್ಣ ಇವತ್ತು ಕೌರವನಾಗುತ್ತಾನೆ, ಯಾರೂ ಕಾರಣ ಕೇಳುವುದಿಲ್ಲ.

“ನಾನು ಅಣು ಹಿಡೀತೇನೆ ಮಾಸ್ಟ್ರೆ” ಎಂದರು ಪದ್ಮಯ್ಯ. “ನನಗೆ ಬೆಂಕಿಯ ಪಾತ್ರವೇ ಆಗ್ಬೇಕು. ಬರೆದಿಟ್ಟದ್ದು ಇರುದು ಕೂಡ ಅಣುವಿಂದು ಮಾತ್ರ ಅಲ್ವಾ? ಅದಿಲ್ಲಿ ಕೊಡಿ. ನೀವು ಕಲಿತವರು, ಹಾಯಿಗೆ ಬಾಯಲ್ಲೇ ನಾಲ್ಕು ಮಾತು ಹೇಳ್ಬಹುದು.”

ಒಂದು ತಿಂಗಳ ತಪಸ್ಸಾದ ನೋಟು ಪುಸ್ತಕ ಮಾಸ್ಟ್ರ ಕೈಯಿಂದ ಪದ್ಮಯ್ಯನವರ ಕೈಗೆ ಹೋಯಿತು. ಬಾಯಿ ತೆರೆಯುವಷ್ಟರಲ್ಲಿ ಒಳಗೆ ಚೆಂಡೆ ಪೆಟ್ಟು ಬಿತ್ತು. ವೇದಿಕೆ ಹತ್ತುವಾಗ ಪದ್ಮಯ್ಯ ಮೆಲ್ಲಗೆ, “ನೀವು ಜೋರು ಹೋಗ್ಬೇಡಿ, ಆಯ್ತಾ?” ಎಂದರು. ಮುದುಕರಿಗೆ ವಿಜ್ಞಾನದ ಹೆದರಿಕೆ ಎಂದುಕೊಂಡರು ಮಾಸ್ಟ್ರು. ಎದುರಿನ ಮೇಜಿನ ಮೇಲೆ ಟೆಲಿಸ್ಕೋಪಿನ ಪೆಟ್ಟಿಗೆ ಇತ್ತು. ಅದನ್ನು ಕಂಡ ಮೇಲೆ ಮೆಲ್ಲಗೆ ಹೋಗುವುದುಂಟೇ?

ಭಾಗವತರು ಹಾಡಿದರು: “ಬೆಳಕ ನಂಬಿದ ಬಡವ ನೀನೆಲೊ, ಉಳಿವ ಮನವಿರೆ ತಿರುಗು ಹಿಂದಕೆ.”

ಪದ್ಮಯ್ಯ ಶಾಲು ಕೊಡವಿ ಸುರು ಮಾಡಿದರು. ಮಾಸ್ಟ್ರ ಮಾತುಗಳೇ, ಆದರೆ ಮಾಸ್ಟ್ರ ಬಾಯಿಯಲ್ಲಿ ಅವು ಹೀಗೆ ಮೊಳಗುತ್ತಿರಲಿಲ್ಲ. “ಅರ್ಧ ಅಡಿಕೆಯ ಬಲದ ಅಲ್ಪನೇ! ಯಾತ್ರಿಕರು ಮಂಗಳ ಮುಟ್ಟುವಾಗ ಅವರ ಮೊಮ್ಮಕ್ಕಳಿಗೆ ಹಲ್ಲುದುರಿರುತ್ತದೆ! ಅದಿರಲಿ, ಎಲವೋ ಸೌರಪಟ, ನಿನಗೆ ಬ್ರೇಕುಂಟೋ?”

ಸಭೆ ಬಿದ್ದು ಬಿದ್ದು ನಕ್ಕಿತು. “ಅದು ನಂದು! ಅದು ನನ್ನ ಪ್ರಶ್ನೆ!” ಎಂದು ಹಿಂದಿನ ಸಾಲಿನಿಂದ ಅಬ್ದುಲ್ ರಹ್ಮಾನ್ ಕೂಗಿದ.

ಮಾಸ್ಟ್ರಿಗೆ ಒಂದು ಕ್ಷಣ ಕಣ್ಣು ಕತ್ತಲೆ ಬಂತು. ಮರುಕ್ಷಣ ಬೆಳಕಾಯಿತು. ಈ ಪ್ರಶ್ನೆ ತಾನೇ ಬರೆದದ್ದಲ್ಲವೇ? ಇದರ ಉತ್ತರಕ್ಕೆ ಹೆದರಿದವನೂ ತಾನೇ ಅಲ್ಲವೇ?

“ಉಂಟಯ್ಯಾ ಅಣುತೇಜ! ಹಾಯಿಯನ್ನು ಒಂದು ಬದಿಗೆ ಓರೆ ಮಾಡಿದರೆ ಬೆಳಕು ವೇಗ ಏರಿಸುತ್ತದೆ. ಇನ್ನೊಂದು ಬದಿಗೆ ಓರೆ ಮಾಡಿದರೆ ಅದೇ ಬೆಳಕು ವೇಗ ಇಳಿಸುತ್ತದೆ. ನನ್ನ ಬ್ರೇಕಿಗೂ ಖರ್ಚಿಲ್ಲ! ಈಗ ನೀನು ಹೇಳು. ನಿನ್ನ ಒಲೆಯಲ್ಲಿ ಬೆಂಕಿಯೇನೋ ವರ್ಷಗಟ್ಟಲೆ ಉರಿದೀತು. ಹಂಡೆಯ ಹೈಡ್ರೋಜನ್ ಮುಗಿದ ಮೇಲೆ ಹಿಂದಕ್ಕೆ ಏನನ್ನು ಉಗುಳುತ್ತೀ? ನೀರಿಲ್ಲದ ಹಂಡೆಗೆ ಎಷ್ಟು ಸೌದೆ ತುರುಕಿದರೂ ಸ್ನಾನ ಆದೀತೇ?”

ಸಭೆ ಹೋ ಎಂದಿತು. ನೋಟು ಪುಸ್ತಕದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಯಾಕೆಂದರೆ ಅದನ್ನು ಬರೆದವರಿಗೇ ಉತ್ತರ ಹೊಳೆದಿರಲಿಲ್ಲ. ಪದ್ಮಯ್ಯ ಪುಟ ಮಗುಚಿದರು. ಕೆಮ್ಮಿದರು. ಮಾಸ್ಟ್ರನ್ನೇ ನೋಡಿ ಕಣ್ಣು ದೊಡ್ಡದು ಮಾಡಿದರು.

ಸುಸ್ತಾಯಿತು ಮುದುಕರಿಗೆ ಎಂದುಕೊಂಡ ಮಾಸ್ಟ್ರು ಇನ್ನಷ್ಟು ಏರಿದರು. ಆ ಬೆಂಕಿಯ ವಿಕಿರಣ ಯಾತ್ರಿಕರಿಗೆ ತಾಗದಂತೆ ಹೊರಬೇಕಾದ ಗೋಡೆಯ ಭಾರ ಕೇಳಿದರು. ಮೇಲೆ ಹೋದಾಗ ಒಲೆ ಕೆಟ್ಟರೆ ರಿಪೇರಿಗೆ ಕೈ ಹಾಕುವವರಾರು ಎಂದು ಕೇಳಿದರು. ಪದ್ಮಯ್ಯ ಮತ್ತೆ ಕೆಮ್ಮಿದರು. ಮುಂದಕ್ಕೆ ಬಾಗಿ ಮಾಸ್ಟ್ರ ಶಾಲಿನ ತುದಿ ಎಳೆದರು. ಮಾಸ್ಟ್ರು ಶಾಲು ಬಿಡಿಸಿಕೊಂಡು, “ಶಾಲೆಳೆದರೆ ಸತ್ಯ ಸುಳ್ಳಾದೀತೇ ಅಣುತೇಜ!” ಎಂದು ಗರ್ಜಿಸಿದರು. ಅರಂತೋಡಿನ ಕುಕ್ಕಪ್ಪ ಮಾಸ್ಟ್ರ ಒಳಗೆ ಇಂಥದ್ದೊಂದು ಸಿಂಹ ಇದೆಯೆಂದು ಅವರ ಹೆಂಡತಿಗೂ ಗೊತ್ತಿರಲಿಲ್ಲ.

ಕೊನೆಗೆ ಪದ್ಮಯ್ಯ ನೋಟು ಪುಸ್ತಕ ಮುಚ್ಚಿ, ಕೈಮುಗಿದು, “ಸೋತೆ” ಎಂದರು. ಗೆಲುವು ಖಂಡಿತ ಎಂದು ಕಂಡದ್ದೇ ಅಬ್ದುಲ್ ರಹ್ಮಾನ್ ಜೀಪನ್ನು ಬಾಗಿಲಿಗೆ ತರಲು ಓಡಿದ.

ಮಾಸ್ಟ್ರು ಶನಿಗ್ರಹದ ಚೀಲ ಬಿಡಿಸಿಕೊಂಡು ಮೇಜಿನ ಬಳಿ ನಿಂತರು. ಯಜ್ಞೇಶ್ವರ ಭಟ್ಟರು ಮೈಕ್ ಹಿಡಿದರು.

“ಕುಕ್ಕಪ್ಪ ಮಾಸ್ಟ್ರ ಅದ್ಭುತ ಅರ್ಥಗಾರಿಕೆಯಿಂದ ಸೌರಪಟ ಗೆದ್ದಿದ್ದಾನೆ. ಆಮಂತ್ರಣದಲ್ಲಿ ಅಚ್ಚಾದ ಹಾಗೆ, ಸೌರಪಟನ ಪಾತ್ರ ಪುತ್ತೂರಿನ ಕಾಲೇಜಿಂದು. ಟೆಲಿಸ್ಕೋಪು ಅವರಿಗೇ ಸಲ್ಲುತ್ತದೆ. ಸ್ವಂತ ಶಾಲೆಯ ಎದುರು ಕೂತು ಹೀಗೆ ನಿಷ್ಪಕ್ಷಪಾತವಾಗಿ ವಾದಿಸಿದ ಮಾಸ್ಟ್ರ ದೊಡ್ಡ ಮನಸ್ಸಿಗೆ ಒಂದು ಚಪ್ಪಾಳೆ!”

ಚಪ್ಪಾಳೆ ಬಿತ್ತು, ಜೋರಾಗಿಯೇ ಬಿತ್ತು. ಮಾಸ್ಟ್ರು ಬಿಡಿಸಿದ ಚೀಲ ಹಿಡಿದೇ ನಿಂತಿದ್ದರು. ಅಷ್ಟರಲ್ಲಿ ಮದುವೆ ಮನೆಯ ಕುಂಕುಮ ಹಣೆಯಲ್ಲೇ ಇಟ್ಟುಕೊಂಡು ಗಿರಿಧರ ಬಸ್ಸಿಳಿದು ಓಡಿಬಂದ.

“ಉಪಕಾರ ಆಯ್ತು ಸರ್! ಓ, ಚೀಲ ಕೂಡ ತಂದಿದ್ದೀರಾ? ಎಂಥ ಒಳ್ಳೆಯವರು ನೀವು!”

ಪೆಟ್ಟಿಗೆ ಚೀಲದೊಳಗೆ ಇಳಿಯಿತು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. “ಒಮ್ಮೆ... ಒಂದೇ ಒಂದು ಸಲ ನೋಡಬಹುದಾ?” ಎಂದರು ಮಾಸ್ಟ್ರು ಸಣ್ಣ ದನಿಯಲ್ಲಿ. “ಪೆಟ್ಟಿಗೆ ಒಡೆಯುವ ಹಾಗಿಲ್ಲ ಸರ್, ಉದ್ಘಾಟನೆ ಪ್ರಿನ್ಸಿಪಾಲರೇ ಮಾಡ್ಬೇಕು. ಅವರು ಬರುದು ಮುಂದಿನ ತಿಂಗಳು” ಎಂದು ಗಿರಿಧರ ಹೊರಟೇಹೋದ.

ಮಾಸ್ಟ್ರ ಕೈಗೆ ಬಂದದ್ದು ಒಂದು ಹಾರ, ಒಂದು ಅನಾನಸು. ಪದ್ಮಯ್ಯ ಹತ್ತಿರ ಬಂದು ನೋಟು ಪುಸ್ತಕ ವಾಪಸು ಕೊಟ್ಟರು. ಅವರ ಸ್ವರ ಪೂರ್ತಿ ಬಿದ್ದುಹೋಗಿತ್ತು.

“ಈ ವಯಸ್ಸಲ್ಲಿ ನಾನು ಗಂಟಲು ಹರ್ಕೊಂಡದ್ದು ಯಾರ ಶಾಲೆಗೆ ಮಾಸ್ಟ್ರೆ? ನಿಮ್ಮ ಶಾಲೆಗಲ್ವಾ? ಜೋರು ಹೋಗ್ಬೇಡಿ ಅಂತ ಮೊದಲೇ ಹೇಳಿದೆ. ಕೆಮ್ಮಿದೆ, ಕಣ್ಣು ಬಿಟ್ಟೆ, ಶಾಲು ಎಳೆದೆ. ಇನ್ನೆಂತ ಮಾಡ್ಬೇಕಿತ್ತು, ಮೇಲೆ ಬಿದ್ದು ನಿಮ್ಮ ಬಾಯಿ ಮುಚ್ಚಬೇಕಿತ್ತಾ?”

ಹೊರಗೆ ಜೀಪು ನಿಂತಿತ್ತು. ಅಬ್ದುಲ್ ರಹ್ಮಾನ್ ಹಾಸಿಗೆಯ ಸುಕ್ಕು ತೆಗೆದು, ಹಗ್ಗ ಹಿಡಿದು ಕಾಯುತ್ತಿದ್ದ.

“ಎಲ್ಲಿ ಮಾಸ್ಟ್ರೆ ಟೆಲಿಸ್ಕೋಪು? ಗೆದ್ದದ್ದು ನೀವೇ ಅಲ್ವಾ?”

“ಗೆದ್ದದ್ದು ನಾನೇ.”

“ಮತ್ತೆ ಸೋತದ್ದು?”

“ನಮ್ಮ ಶಾಲೆ.”

ಮಾಸ್ಟ್ರು ಖಾಲಿ ಹಾಸಿಗೆಯ ಮೇಲೆ ಅನಾನಸು ತೊಡೆಯಲ್ಲಿಟ್ಟುಕೊಂಡು ಕೂತು, ನಡೆದದ್ದನ್ನು ಹೇಳಿದರು. ಪಡುವಣದಲ್ಲಿ ಅದ್ಯಾವುದೋ ಗ್ರಹ ಆಗಲೇ ಮಿನುಗತೊಡಗಿತ್ತು. ನಾಳೆ ಝುಲೈಖಾ ಟೀಚರಿಗೆ ಚೀಲ ಎಲ್ಲಿ ಹೋಯಿತೆಂದು ಹೇಳುವುದು ಎಂಬುದೇ ಅವರಿಗೆ ದೊಡ್ಡ ಚಿಂತೆ. ಕುಂಬ್ರ ದಾಟುವವರೆಗೆ ಅಬ್ದುಲ್ ರಹ್ಮಾನ್ ರಸ್ತೆ ನೋಡಿ ಜೀಪು ಓಡಿಸಿದ. ಆಮೇಲೆ ಅವನಿಗೆ ತಡೆಯಲಿಲ್ಲ.

“ಅಲ್ಲ ಮಾಸ್ಟ್ರೆ, ಹಾಯಿಗೆ ಬ್ರೇಕ್ ಉಂಟು ಅಂತ ಅಷ್ಟು ಜನರ ಎದುರು ನೀವೇ ಹೇಳಿದ್ರಲ್ಲ... ಮತ್ತೆ ಯಾಕೆ ಹಾಕ್ಲಿಲ್ಲ?”