ಎಂಬತ್ತಕ್ಕೆ ಸಾಕ್ಷಿ

ಎಲ್ಲಕ್ಕೂ ಕಾರಣ ಸ್ಕೂಟರಿನ ಜೊತೆ ಬಂದ ಸಣ್ಣ ಪುಸ್ತಕ. ಮೊದಲ ಸಾವಿರ ಕಿಲೋಮೀಟರ್ ಗಂಟೆಗೆ ನಲವತ್ತು ಮೀರಕೂಡದು ಎಂದು ಅದರಲ್ಲಿ ಅಚ್ಚಾಗಿತ್ತು. ಪೀಣ್ಯದ ಕಾರ್ಖಾನೆಯ ತಪಾಸಣೆ ವಿಭಾಗದ ದ್ವಾರಕಾನಾಥ, ಎಂಟು ವರ್ಷ ಕಾದು ಪಡೆದ ಸ್ಕೂಟರನ್ನು ಮೂರು ಸಾವಿರ ದಾಟಿದರೂ ನಲವತ್ತರಲ್ಲೇ ಓಡಿಸಿದ. ಸೈಕಲ್ಲಿನವರು ಅವನನ್ನು ಹಿಂದೆ ಹಾಕುವಾಗ ಕ್ಷೇಮ ವಿಚಾರಿಸಿ ಹೋಗುತ್ತಿದ್ದರು. ಕ್ಯಾಂಟೀನಿನಲ್ಲಿ ಅವನ ಹೆಸರೇ 'ನಲವತ್ತು' ಆಯಿತು.

ಹೆಸರಿಟ್ಟವನು ಪಕ್ಕದ ಮನೆಯ ಫೋರ್ಮನ್ ಕೃಷ್ಣಸ್ವಾಮಿ. ಶನಿವಾರ ಅವನೇ ಸವಾಲು ಹಾಕಿದ: "ಒಂದೇ ಸಲ ಎಂಬತ್ತು ಮುಟ್ಸು ಗುರು, ಹೆಸರು ವಾಪಸ್ ತಗೋತೀನಿ. ಆದ್ರೆ ನಿನ್ ಮಾತು ನಡೆಯಲ್ಲ. ತಂಗಿ ಸುಬ್ಬಲಕ್ಷ್ಮಿ ನೋಡ್ದೆ ಅನ್ಬೇಕು. ಆಯಮ್ಮ ಸುಳ್ಳಾಡಲ್ಲ."

ದ್ವಾರಕಾನಾಥನ ಹೆಂಡತಿ ಸುಬ್ಬಲಕ್ಷ್ಮಿ ಸುಳ್ಳಾಡಿದ್ದನ್ನು ಬೀದಿಯಲ್ಲಿ ಯಾರೂ ಕೇಳಿರಲಿಲ್ಲ. ಭಜನಾ ಮಂಡಳಿಯವರು ಹುಂಡಿಯ ಬೀಗದ ಕೈಯನ್ನೂ ಅವಳ ಬಳಿಯೇ ಬಿಟ್ಟಿದ್ದರು.

ಭಾನುವಾರ ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಹೊರಟರು. ಆಗಿನ ತುಮಕೂರು ರಸ್ತೆ ಎಂದರೆ ಎರಡೂ ಕಡೆ ಹುಣಸೆ ಮರ, ಆಚೆ ರಾಗಿ ಮೆದೆ, ಎಲ್ಲೋ ಒಂದು ಲಾರಿ. ಈಗ ಆ ನೆರಳಿದ್ದಲ್ಲಿ ಮೇಲ್ಸೇತುವೆ ಇದೆ. ಸ್ಕೂಟರು ಮಾವನ ಮನೆಗೆ ಮೊದಲ ಸಲ ಬಂದ ಅಳಿಯನಂತೆ ಸಂಕೋಚದಿಂದ 'ಕುರ್ ಕುರ್' ಎಂದು ಕೆಮ್ಮುತ್ತಿತ್ತು. ಸ್ವಲ್ಪ ಜೋರು ಮಾಡಿದಾಗಲೆಲ್ಲ ಹಿಂದಿನಿಂದ ಭುಜಕ್ಕೊಂದು ತಟ್ಟು.

"ರೀ, ನಿಲ್ಸಿ. ಅಲ್ಲಿ ಅವರೆಕಾಯಿ ಕೀಳ್ತಿದ್ದಾರೆ, ಮಾತಾಡಿಸ್ಕೊಂಡು ಬರ್ತೀನಿ."

"ಐವತ್ತೈದು ಬಂದಿತ್ತಲ್ಲೇ!"

"ಮತ್ತೆ ಬರತ್ತೆ ಬಿಡಿ. ಅದೇನು ಮುನಿಸ್ಕೊಂಡು ಹೋಗತ್ತಾ?"

ಮಾಕಳಿಯ ಹತ್ತಿರ ನಾಲ್ಕನೆಯ ಸಲ ನಿಂತಾಗ ಅವಳು ಸೆರಗನ್ನು ಸೊಂಟಕ್ಕೆ ಬಿಗಿದು, ಬೇಲಿಯ ಸಂದಿಯಲ್ಲಿ ನುಸುಳಿ, ಸೀಬೆ ತೋಟದೊಳಗೆ ಮಾಯವಾದಳು.

"ಲೇ! ಏನೇ ಇದು? ಕೇಳಿ ತಗೊಳ್ಳೇ!"

"ಕೇಳಿ ತಗೊಂಡ್ರೆ ಏನ್ರೀ ಮಜಾ?" ಉತ್ತರ ಮರದ ಮೇಲಿನಿಂದ ಬಂತು. "ಮದುವೆಗೆ ಮುಂಚೆ ಎಷ್ಟು ತೋಟ ಹತ್ತಿಲ್ಲ ನಾನು! ಯಾರಾದ್ರೂ ಬಂದ್ರೆ ಕೆಮ್ಮಿ."

ಅವನು ಕೆಮ್ಮುವ ಮೊದಲೇ ತೋಟ ಗುಡುಗಿತು: "ಯಾವನ್ಲಾ ಅದು ಮರದ್ಮ್ಯಾಗೆ?"

ಸುಬ್ಬಲಕ್ಷ್ಮಿ ಮಡಿಲು ತುಂಬ ಸೀಬೆಕಾಯಿಯೊಂದಿಗೆ ಹಾರಿ ಬಂದು ಕುಳಿತಳು. ಹಿಂದೆಯೇ ಒಂದು ದೊಣ್ಣೆ. ದ್ವಾರಕಾನಾಥ ಪುಸ್ತಕ, ಪುಟ ಎಲ್ಲ ಮರೆತು ಆಕ್ಸಿಲರೇಟರ್ ತಿರುವಿದ. ಸ್ಕೂಟರಿಗೆ ಅಳಿಯತನ ಹೋಗಿ ಮಾವತನ ಬಂತು. ಅರವತ್ತು, ಎಪ್ಪತ್ತು. ಆಗಷ್ಟೇ ದಾಟಿ ಹೋಗಿದ್ದ ಎಕ್ಸ್‌ಪ್ರೆಸ್ ಬಸ್ಸು ಹಿಂದಾಯಿತು. ಮುಳ್ಳು ನಡುಗುತ್ತ ಎಂಬತ್ತು ಮುಟ್ಟಿತು.

"ಸುಬ್ಬೂ, ನೋಡೇ! ಎಂಬತ್ತು! ಎಲ್ಲರಿಗೂ ಹೇಳ್ತೀಯಲ್ವಾ?"

"ಎಂಬತ್ತು ಹೇಳ್ತೀನಿ, ಸೀಬೆ ಹೇಳಲ್ಲ!" ಎಂದು ಬಾಯಿ ತುಂಬ ಹಣ್ಣಿಟ್ಟುಕೊಂಡೇ ನಕ್ಕಳು. ಆರು ವರ್ಷದ ಸಂಸಾರದಲ್ಲಿ ಅಂಥ ನಗು ಅವನು ಕೇಳಿರಲಿಲ್ಲ.

ಸಂಜೆ ಎದೆಯುಬ್ಬಿಸಿಕೊಂಡು ಹೆಂಡತಿಯೊಂದಿಗೆ ಕೃಷ್ಣಸ್ವಾಮಿಯ ಜಗಲಿಗೆ ಹೋದ. ಅಲ್ಲಿ ಕೃಷ್ಣಸ್ವಾಮಿಯ ಮನೆ ಮಾಲೀಕ, ಮಾಕಳಿಯ ನರಸಪ್ಪ, ದೊಣ್ಣೆ ಊರಿಕೊಂಡು ಕೂತಿದ್ದ.

"ಎಂಗ್ ಓದ ಅಂತೀರಾ ಸಾರ್! ನನ್ ಸೀಬೆಕಾಯಿ ಕದ್ಕಂಡು, ಸ್ಕೂಟರ್ ಅತ್ಕಂಡು, ಎಕ್ಸ್‌ಪ್ರೆಸ್ ಬಸ್ಸನ್ನೇ ಇಂದಾಕ್ಬುಟ್ಟ! ದೂಳ್ನಾಗೆ ಮಕ ಕಾಣ್ಲಿಲ್ಲ. ಸಿಗ್ಲಿ, ಟೇಸನ್‌ಗೆ ಎಳ್ಕಂಡೋಯ್ತೀನಿ."

"ಎಕ್ಸ್‌ಪ್ರೆಸ್ ಬಸ್ಸನ್ನಾ? ಎಂಬತ್ತಕ್ಕೆ ಕಮ್ಮಿ ಇಲ್ಲ ಹಾಗಾದ್ರೆ," ಎಂದು ಕೃಷ್ಣಸ್ವಾಮಿ ತಲೆದೂಗಿದ. "ಗಂಡಸು ಅಂದ್ರೆ ಅವನಪ್ಪಾ!" ಆಮೇಲೆ ಇತ್ತ ತಿರುಗಿದ. "ನೀವೂ ಆ ಕಡೇನೇ ಹೋಗಿದ್ರಲ್ವಾ? ಏನ್ ತಂಗಿ, ಎಷ್ಟು ಮುಟ್ತು ಇವನ ಸ್ಕೂಟರ್ರು?"

ದ್ವಾರಕಾನಾಥ ಹೆಂಡತಿಯನ್ನು ನೋಡಿದ. ಹೆಂಡತಿ ದೊಣ್ಣೆಯನ್ನು ನೋಡಿದಳು.

"ಎಲ್ಲಿ ಬಂತಣ್ಣಾ," ಎಂದಳು ಭಜನೆಯ ದನಿಯಲ್ಲಿ. "ಮೂವತ್ತು ದಾಟಿದ್ರೆ ಕೇಳಿ. ಇವರಿಗೆ ಭಯ."

"ಮೂವತ್ತಾ! ಇಷ್ಟು ದಿನ ಹತ್ತು ಜಾಸ್ತಿ ಸೇರಿಸಿ ಕರೀತಿದ್ವಲ್ಲೋ ನಿನ್ನ!" ಕೃಷ್ಣಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ.

ನರಸಪ್ಪ ಮಾತ್ರ ನಗಲಿಲ್ಲ. ಎದ್ದು ಬಂದು ದ್ವಾರಕಾನಾಥನ ಕೈ ಹಿಡಿದುಕೊಂಡ. "ನಗ್ಲಿ ಬುಡಿ ಸಾರ್. ಮರ್ವಾದಸ್ತರು ಇಂಗೇ ಓಡ್ಸೋದು. ನಮ್ಮವ್ವ ಪಿಳ್ಳಮ್ಮಂಗೆ ಸೊಂಟ ನೋವು, ಕುಲುಕ್ಬಾರ್ದು ಅಂದವ್ರೆ ಡಾಕ್ಟ್ರು. ನೆಲಮಂಗಲಕ್ಕೆ ಔಸ್ದಿಗೆ ಕರ್ಕಂಡೋಗಕ್ಕೆ ನಿಮ್ಮಂಥೋರ್ನೇ ಉಡುಕ್ತಿದ್ದೆ. ಪ್ರತಿ ಬಾನುವಾರ ಬಂದ್ಬುಡಿ."