ಮಾವ ಹೆದರಿದ ವರ್ಷ

ನನ್ನ ಮಗಳಿಗೆ ಮೊದಲ ವರ್ಷದಲ್ಲಿ ಕಾಮಾಲೆ, ಜ್ವರ, ನೆಗಡಿ, ಭೇದಿ ಎಲ್ಲವೂ ಬಂದು ಹೋದವು. ಎಲ್ಲ ಮಕ್ಕಳಿಗೂ ಬರುವಷ್ಟೇ. ಆದರೆ ನನ್ನ ಸೋದರಮಾವನನ್ನು ಕೇಳಿದರೆ, ಆ ವರ್ಷ ಅವಳಿಗೆ ಬಾರದ ಕಾಯಿಲೆ ಮಂಡಿನೋವೊಂದೇ. ಅದೂ ಅವಳ ಮಂಡಿ ಇನ್ನೂ ಬಲಿತಿರಲಿಲ್ಲವೆಂಬ ಕಾರಣಕ್ಕೆ.

ಮಾವ ಭದ್ರಾವತಿಯ ನ್ಯೂ ಟೌನಿನವರು. ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿದ್ದು ನಿವೃತ್ತರಾದವರು. ಯಾರ ತಲೆಯ ಮೇಲೆ ಹೆಲ್ಮೆಟ್ ಇಲ್ಲ, ಯಾರ ಕಾಲಲ್ಲಿ ಬೂಟು ಇಲ್ಲ ಎಂದು ನೋಡುತ್ತಲೇ ಜೀವಮಾನ ಕಳೆದವರಿಗೆ ನಿವೃತ್ತಿಯ ನಂತರ ಕಾಯುವುದಕ್ಕೆ ಏನೂ ಉಳಿದಿರಲಿಲ್ಲ. ಮದುವೆಯಾಗಿರಲಿಲ್ಲ. "ಊದುಬತ್ತಿ ಹಚ್ಚಿದ್ರೂ ಪಕ್ಕದಲ್ಲಿ ಒಂದು ತಂಬಿಗೆ ನೀರಿಡೋನು, ಹೋಮದ ಮುಂದೆ ಹೇಗೆ ಕೂರ್ತಾನೆ?" ಎಂದು ಅವರ ಅಕ್ಕ, ಅಂದರೆ ನನ್ನ ಅಮ್ಮ, ನಗುತ್ತಿದ್ದಳು. ಅಂಥವರಿಗೆ ಅರವತ್ತು ದಾಟಿದ ಮೇಲೆ ನನ್ನ ಮಗಳು ಸಿಕ್ಕಳು. ಬಿಡುತ್ತಾರೆಯೇ?

ಹುಟ್ಟಿದ ಮೂರನೆಯ ದಿನ ಅವಳ ಕಣ್ಣು ಹಳದಿಯಾಗಿ, ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿದರು. ಕಣ್ಣಿಗೊಂದು ಪಟ್ಟಿ ಕಟ್ಟಿದ್ದರು. ಮಾವ ಗಾಜಿನಾಚೆ ನಿಂತು ಬಹಳ ಹೊತ್ತು ನೋಡಿ ನರ್ಸನ್ನು ಕರೆದರು.

"ಸಿಸ್ಟರ್, ಆ ಪಟ್ಟಿ ತುಂಬಾ ತೆಳುವಾಯ್ತು. ನಮ್ಮಲ್ಲಿ ವೆಲ್ಡಿಂಗ್ ಮಾಡೋರಿಗೆ ಇದಕ್ಕಿಂತ ದಪ್ಪದ್ದು ಕೊಡ್ತಿದ್ವಿ."

"ಈ ಮಗು ಇನ್ನೂ ವೆಲ್ಡಿಂಗ್ ಶುರು ಮಾಡಿಲ್ಲ ಸರ್" ಎಂದು ಆಕೆ ಒಳಗೆ ಹೋದಳು.

ನಾವು ಶಿವಮೊಗ್ಗದ ಹೊಸಮನೆಯಲ್ಲಿದ್ದೆವು. ಬಾಣಂತನಕ್ಕೆಂದು ಅಮ್ಮ ಬಂದಿದ್ದಳು. ಯಾರೂ ಕರೆಯದಿದ್ದರೂ ಮಾವ ದಿನಾ ಬೆಳಗ್ಗೆ ಬಸ್ಸು ಹತ್ತಿ ಬರತೊಡಗಿದರು. ಒಮ್ಮೆ ಫೋನಿನಲ್ಲಿ ಮಾತಾಡುವಾಗ ಮಗುವಿಗೆ ಬಿಕ್ಕಳಿಕೆ ಬಂದದ್ದು ಕೇಳಿಸಿತಂತೆ. ನಾನು ಹಾಲು ಕುಡಿಸಿ, ಬಿಕ್ಕಳಿಕೆ ನಿಂತು, ಮಗು ಮಲಗಿ ಎದ್ದ ಮೇಲೆ ಮಾವ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದರು. ನಿಂತುಹೋಯಿತು ಎಂದಾಗ ಅವರ ಮುಖದಲ್ಲಿ ಸಮಾಧಾನಕ್ಕಿಂತ ಅನುಮಾನವೇ ಹೆಚ್ಚು.

"ತಾನಾಗೇ ನಿಂತ್ತಾ? ಯಾಕೆ ನಿಂತ್ತು ಅಂತ ವಿಚಾರಿಸಿದ್ಯಾ?"

ಬಿಕ್ಕಳಿಕೆಯನ್ನು ಯಾರಾದರೂ ವಿಚಾರಿಸುತ್ತಾರೆಯೇ?

ಮೊದಲ ಲಸಿಕೆಯ ದಿನ ಮಗುವಿನ ಮೈ ಬೆಚ್ಚಗಾಯಿತು. ಮಾವ ಹೊಸ ಥರ್ಮಾಮೀಟರ್ ತಂದಿದ್ದರು. ಪರೀಕ್ಷಿಸದ ಉಪಕರಣವನ್ನು ಮಗುವಿಗೆ ಇಡುವುದುಂಟೆ? ಮೊದಲು ತಮ್ಮ ಬಾಯಲ್ಲೇ ಇಟ್ಟುಕೊಂಡರು. ತೆಗೆದು ನೋಡಿದರೆ ಅವರಿಗೇ ಜ್ವರ. ಮಗುವಿನ ಜ್ವರ ಮರುದಿನವೇ ಇಳಿಯಿತು. ಅವರದು ವಾರ ಹಿಡಿಯಿತು. "ಅದು ಹುಷಾರಾಗಿದೆ, ನೀನು ಅದರ ಹತ್ತಿರ ಸುಳಿಬೇಡ ಮಾರಾಯ" ಎಂದು ಅಮ್ಮ ಅವರನ್ನು ವಾಪಸು ಭದ್ರಾವತಿಗೆ ಅಟ್ಟಿದಳು.

ಆಮೇಲೆ ಶುರುವಾದದ್ದು ಬೋರಲು ಬೀಳುವ ಚಿಂತೆ. ಬೀದಿಯಲ್ಲಿ ಅವಳ ಓರಗೆಯ ಕೂಸುಗಳೆಲ್ಲ ಬೋರಲು ಬಿದ್ದು ತಲೆಯೆತ್ತಿ ಲೋಕ ನೋಡುತ್ತಿದ್ದವು. ನಮ್ಮವಳು ಮಾತ್ರ ಅಂಗಾತ ಮಲಗಿ ಫ್ಯಾನು ನೋಡುತ್ತಿದ್ದಳು. ಮಾವ ಅವಳನ್ನು ಡಾಕ್ಟರಲ್ಲಿಗೆ ಕರೆದುಕೊಂಡು ಹೋಗುವವರೆಗೆ ನನ್ನನ್ನು ಬಿಡಲಿಲ್ಲ. ಡಾಕ್ಟರಮ್ಮ ಮಗುವನ್ನು ಎಲ್ಲ ಕಡೆಯಿಂದ ನೋಡಿ, ಮನೆಯಲ್ಲಿ ಹೇಗೆ ಮಲಗಿಸುತ್ತೀರಿ ಎಂದು ಕೇಳಿದರು. ಮಾವ ಹೆಮ್ಮೆಯಿಂದ ವಿವರಿಸಿದರು: ಎಡಕ್ಕೆ ದಿಂಬು, ಬಲಕ್ಕೆ ದಿಂಬು, ಅದರಾಚೆ ಸುರುಳಿ ಸುತ್ತಿದ ಕೌದಿ.

"ಮಗು ಸರಿಯಾಗಿದೆ ಸರ್" ಎಂದರು ಡಾಕ್ಟರಮ್ಮ. "ಉರುಳೋಕೆ ಸ್ವಲ್ಪ ಜಾಗ ಕೊಡಿ. ಇಷ್ಟು ಹೆದರಬೇಡಿ."

ಮಾವ ಆ ಮಾತನ್ನು ಶಿರಸಾವಹಿಸಿ ಪಾಲಿಸಿದರು. ಮನೆಗೆ ಬಂದವರೇ ದಿಂಬುಗಳನ್ನೆಲ್ಲ ತೆಗೆದು ಅಟ್ಟಕ್ಕೆ ಹಾಕಿದರು. ವಾರದೊಳಗೆ ಅವಳು ಬೋರಲು ಬಿದ್ದಳು. ಅದನ್ನು ಮೊದಲು ಕಂಡವರು ಮಾವನೇ. ನಮ್ಮ ಬೀದಿಗೆಲ್ಲ ಪೇಡ ಹಂಚಿದರು. ಅಂದಿನಿಂದ ಅವರ ಹಣೆಯ ಗೆರೆಗಳು ಸಡಿಲವಾದವು. ಮಗುವಿನ ಪಕ್ಕ ಕಾಲು ಚಾಚಿ ಮಲಗುವಷ್ಟು, ಹಾಡಿನಂಥದ್ದೇನನ್ನೋ ಗುನುಗುವಷ್ಟು ಧೈರ್ಯ ಬಂತು. ಅವರು ಹೆದರದೆ ಇದ್ದ ದಿನಗಳೆಂದರೆ ಅವೇ.

ಅಂಥದೊಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಕಾಫಿ ಬೆರೆಸುತ್ತಿದ್ದೆ. ಮಾವ ಮಂಚದ ಮೇಲೆ ಮಗುವನ್ನು ಆಡಿಸುತ್ತಿದ್ದರು. ಕಿಟಕಿಯಲ್ಲಿಟ್ಟ ಗಿಲಕಿ ತೆಗೆದುಕೊಳ್ಳಲು ತಿರುಗಿದರಂತೆ, ಅಷ್ಟೇ. ನನಗೆ ಕೇಳಿದ್ದು ಧಪ್ಪೆಂಬ ಸದ್ದು, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಅಳು.

ನಾನು ಓಡಿ ಬರುವಷ್ಟರಲ್ಲಿ ಮಾವ ಅವಳನ್ನು ಎತ್ತಿಕೊಂಡು ಬರಿಗಾಲಲ್ಲಿ ಬೀದಿಗಿಳಿದಿದ್ದರು. ಆಟೋದಲ್ಲಿ ಅವಳು ಅವರ ಅಂಗಿಯ ಮೇಲೆ ವಾಂತಿ ಮಾಡಿಕೊಂಡಳು. ಹಣೆಯ ಮೇಲೆ ನಿಂಬೆಹಣ್ಣಿನಷ್ಟು ದಪ್ಪ ಬುಗುಟು ಎದ್ದಿತ್ತು. ಡಾಕ್ಟರಮ್ಮ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಕೈಕಾಲು ಆಡಿಸಿ ನೋಡಿ, ಒಂದು ದಿನ ಇಲ್ಲೇ ಇರಲಿ, ಗಮನಿಸೋಣ ಎಂದರು. ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿನಿಂದ ನನ್ನ ಗಂಡ ಧಾವಿಸಿ ಬಂದರು. ಅಮ್ಮ ಬಂದಳು. ಮಾವ ಹೊರಗಿನ ಬೆಂಚಿನ ಮೇಲೆ ಅದೇ ಅಂಗಿಯಲ್ಲಿ ಕೂತಿದ್ದರು. ಬಿಕ್ಕಳಿಕೆಯನ್ನೂ ವಿಚಾರಿಸುವ ಮನುಷ್ಯ ಅವತ್ತು ಯಾರನ್ನೂ ಏನನ್ನೂ ಕೇಳಲಿಲ್ಲ. ಕೊನೆಗೆ ಡಾಕ್ಟರಮ್ಮನೇ ಅವರ ಮುಂದೆ ನಿಂತರು.

"ಏನೂ ಕೇಳಲ್ವಾ ಸರ್ ಇವತ್ತು?"

"ನಾನಿನ್ನು ಕೇಳೋ ಹಾಗಿಲ್ಲ ಮೇಡಂ" ಎಂದರು ಮಾವ.

ಮರುದಿನ ಮಗಳು ನಗುತ್ತ ಮನೆಗೆ ಬಂದಳು. ಬುಗುಟು ಇಳಿಯಿತು. ಮಾವ ಮಾತ್ರ ಬರುವುದನ್ನು ನಿಲ್ಲಿಸಿದರು.

ದಿನಾ ಫೋನ್ ಮಾಡುತ್ತಿದ್ದರು. ಅವಳನ್ನು ನೋಡಲಿ ಎಂದು ನಾನು ವಿಡಿಯೋ ಕರೆ ಮಾಡಿದರೂ ಅಭ್ಯಾಸಬಲದಿಂದ ಫೋನನ್ನು ಕಿವಿಗೇ ಒತ್ತಿಕೊಳ್ಳುತ್ತಿದ್ದರು. ನಮಗೆ ಪರದೆಯ ತುಂಬ ಅವರ ಕಿವಿಯೇ ಕಾಣುತ್ತಿತ್ತು. "ಕೂತ್ಕೊಂಡ್ಲು ಮಾವ" ಎಂದರೆ ಆ ಕಿವಿ ಸುಮ್ಮನೆ ಕೇಳುತ್ತಿತ್ತು. "ಹಲ್ಲು ಬಂತು", "ಅಂಬೆಗಾಲಿಡ್ತಿದ್ದಾಳೆ", "ಹೊಸ್ತಿಲು ದಾಟಿದ್ಲು." ಎಲ್ಲವೂ ಕಿವಿಗೇ ಹೋದವು. ನನ್ನ ಮಗಳು ಟಾಟಾ ಮಾಡಲು ಕಲಿತದ್ದು ಒಂದು ಕಿವಿಗೆ. ನಾವು ನಗುತ್ತಿದ್ದೆವು, ಫೋನಿಟ್ಟ ಮೇಲೆ ನಗು ಉಳಿಯುತ್ತಿರಲಿಲ್ಲ. ಈ ಒಂದೊಂದಕ್ಕೂ ನಮಗಿಂತ ಮೊದಲು ಕಾದು ಕೂತಿದ್ದವರು ಅವರೇ ಅಲ್ಲವೇ?

ಕಿವಿ ಚುಚ್ಚಿಸುವ ದಿನ ಅಮ್ಮ ಹಠ ಮಾಡಿ ಕರೆಸಿದಳು. ನನಗೆ ಅಣ್ಣತಮ್ಮಂದಿರಿಲ್ಲ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವರು ಅವರೇ. ಬಂದರು, ಕೂತರು, ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡರು. ಎಷ್ಟು ಹೇಳಿದರೂ ತೆಗೆಯಲಿಲ್ಲ.

"ಮಕ್ಕಳು ಬೀಳದೆ ಬೆಳೆಯಲ್ಲ ಮಾರಾಯ" ಎಂದಳು ಅಮ್ಮ. "ನೀನು ಎಷ್ಟು ಸಲ ಬಿದ್ದಿಲ್ಲ?"

"ನಾನು ನಾನಾಗೇ ಬಿದ್ದೆ ಅಕ್ಕ. ಅವಳನ್ನ ಬೀಳಿಸಿದ್ದು ನಾನು."

ಕೊನೆಗೆ ದೂರದ ಸಂಬಂಧದ ಒಬ್ಬ ಅಣ್ಣನ ತೊಡೆಯ ಮೇಲೆ ಶಾಸ್ತ್ರ ಮುಗಿಯಿತು. ಮಗು ಚೀರಿದಾಗ ಮಾವ ಬೀದಿಯಲ್ಲಿದ್ದರು.

ಮೊದಲ ಹುಟ್ಟುಹಬ್ಬಕ್ಕೆ ಕರೆಯಲು ನಾವು ಮೂವರೂ ನ್ಯೂ ಟೌನಿಗೆ ಹೋದೆವು. ನಾವು ಬರುವ ಸುದ್ದಿ ತಿಳಿದು ಮಾವ ಮನೆಯನ್ನು ಸಿದ್ಧಪಡಿಸಿದ್ದರು. ಮೇಜಿನ ಮೂಲೆಗಳಿಗೆಲ್ಲ ಹಳೆಯ ಟವೆಲು ಕಟ್ಟಿದ್ದರು. ನೆಲದ ತುಂಬ ಹಾಸಿಗೆ, ಅದರ ಮೇಲೆ ಜಮಖಾನೆ. ನಡೆದರೆ ನಮ್ಮ ಕಾಲೇ ಹೂತುಹೋಗುತ್ತಿತ್ತು. ತಾವು ಗೋಡೆಗೊರಗಿ, ಕೈಗಳನ್ನು ಎಂದಿನಂತೆ ಅಡಗಿಸಿಕೊಂಡು ಕೂತರು. ಹುಷಾರಾಗಿದ್ದಾಳಾ, ರಾತ್ರಿ ನಿದ್ದೆ ಮಾಡ್ತಾಳಾ ಎಂದು ಮಗುವಿನ ಸಮಾಚಾರವನ್ನು ಅವಳೆದುರೇ ನನ್ನಲ್ಲಿ ಕೇಳುತ್ತಿದ್ದರು.

ಮಗಳು ಕುರ್ಚಿ ಹಿಡಿದು ನಿಂತು ಅವರನ್ನೇ ನೋಡುತ್ತಿದ್ದಳು. ಅಷ್ಟು ದಿನ ಹೆಚ್ಚಾಗಿ ಕಿವಿಯನ್ನೇ ಕಂಡವಳಿಗೆ ಪೂರ್ತಿ ಮನುಷ್ಯ ಸಿಕ್ಕ ಅಚ್ಚರಿಯಿರಬೇಕು. ನೋಡುತ್ತ ನೋಡುತ್ತ ಕುರ್ಚಿ ಬಿಟ್ಟಳು.

ಅದುವರೆಗೆ ಅವಳು ಏನನ್ನೂ ಹಿಡಿಯದೆ ನಿಂತವಳೇ ಅಲ್ಲ. ನಾನೂ ನನ್ನ ಗಂಡನೂ ಕೂತಲ್ಲೇ ಕೂತೆವು. ಮಾವ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು, "ಹಿಡ್ಕೊಳ್ರೋ, ಯಾರಾದ್ರೂ ಹಿಡ್ಕೊಳ್ರೋ" ಎಂದರು. ಹಾಗೆನ್ನುವಾಗಲೇ ತೊಡೆಯಡಿಯಿಂದ ಅವರ ಕೈಗಳು ಹೊರಬಂದು ಮುಂದಕ್ಕೆ ಚಾಚಿದವು. ಮಗಳು ಓಲಾಡುತ್ತ, ಆ ಮೆತ್ತನೆಯ ನೆಲದ ಮೇಲೆ ಕಾಲು ಕಿತ್ತಿಡುತ್ತ, ಹೋಗಿ ಅವುಗಳೊಳಗೆ ಬಿದ್ದಳು.

ಮಾವ ಕಣ್ಣು ಬಿಟ್ಟರು. "ಯಾರು ತಂದು ಕೊಟ್ರಿ?"

"ಯಾರೂ ಇಲ್ಲ ಮಾವ. ಅವಳೇ ನಡ್ಕೊಂಡು ಬಂದ್ಲು. ಇದೇ ಮೊದಲು."

"ನಡೆದ್ಲಾ?" ಅವರ ದನಿ ಇಳಿಯಿತು. "ಅಯ್ಯೋ, ನಾನು ನೋಡ್ಲೇ ಇಲ್ವಲ್ಲೇ."

ಅವರ ಮುಖ ನೋಡಲಾಗದೆ ನನ್ನ ಗಂಡ ಎದ್ದರು. "ಹೀಗೆ ಬಂದ್ಲು ಮಾವ" ಎಂದು ಕುರ್ಚಿ ಬಿಟ್ಟು, ಹೊಟ್ಟೆ ಮುಂದೆ ಮಾಡಿ, ಕೈ ಮೇಲೆತ್ತಿ, ಮಗುವಿನಂತೆ ತೂರಾಡುತ್ತ ನಡೆದು ತೋರಿಸಿದರು. ಮಾವ ನಗಲಿಲ್ಲ. ಉಸಿರು ಬಿಗಿಹಿಡಿದು ನೋಡಿದರು.

"ಮೊದಲು ಯಾವ ಕಾಲು ಎತ್ತಿಟ್ಲು?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಇಬ್ಬರಿಗೂ ಗೊತ್ತಿರಲಿಲ್ಲ.

"ನೀವಾದ್ರೂ ಸರಿಯಾಗಿ ನೋಡ್ಬಾರ್ದಿತ್ತಾ" ಎಂದು ಮಾವ ಕೊರಗುತ್ತ, ನಮ್ಮನ್ನು ಬೈಯುತ್ತ, ಬೆರಳು ಬಾಯಿಗೆ ಹಾಕಲು ಹೊರಟವಳನ್ನು ಮೇಲಕ್ಕೆಳೆದು ಎದೆಗೊರಗಿಸಿಕೊಂಡು, ಬೆನ್ನು ತಟ್ಟತೊಡಗಿದರು. ಅವಳನ್ನು ಎತ್ತಿಕೊಂಡಿದ್ದೇನೆ ಎಂಬುದು ಅವರ ಗಮನಕ್ಕೇ ಬಂದಿರಲಿಲ್ಲ. ನಾವೂ ಹೇಳಲಿಲ್ಲ.