ಹತ್ತನೇ ದಿನದ ಎಣಿಕೆ

ಒದ್ದೆ ಕಾಗದದ ಮೇಲೆ ಶೇಂಗಾ ಬೀಜ ಜೋಡಿಸುವಾಗ ಎರಡು ಬೀಜಗಳ ನಡುವೆ ನನ್ನ ಕಿರುಬೆರಳು ಹಿಡಿಯುವಷ್ಟು ಜಾಗವಿರಬೇಕು. ಐವತ್ತು ಬೀಜವಿಟ್ಟು ಕಾಗದ ಸುತ್ತಿದರೆ ಒಂದು ಸುರುಳಿ, ಎಂಟು ಸುರುಳಿಗೆ ಒಂದು ಪರೀಕ್ಷೆ. ಐದನೇ ದಿನ ಬಿಚ್ಚಿ ಮೊಳಕೆ ಎಣಿಸಬೇಕು, ಹತ್ತನೇ ದಿನ ಮತ್ತೊಮ್ಮೆ. ಇದರಲ್ಲಿ ಯಾರೂ ನನ್ನ ಅಭಿಪ್ರಾಯ ಕೇಳುವುದಿಲ್ಲ. ಹಿರಿಯೂರಿನ ಈ ಬೀಜ ಪರೀಕ್ಷೆಯ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಅದೇ.

ಹೊಸದನ್ನು ಹುಟ್ಟಿಸುವ ಶಕ್ತಿ ನನಗಿಲ್ಲ. ಕಾಲೇಜಿನ ಬೀಳ್ಕೊಡುಗೆಗೆ ವೇದಿಕೆ ಅಲಂಕರಿಸು ಎಂದಾಗ, ಹೋದ ವರ್ಷದ ಫೋಟೊ ಇದೆಯೇ ಎಂದು ಕೇಳಿದವಳು ನಾನು. ಮನೆಯ ಮುಂದೆ ನಾಲ್ಕು ವರ್ಷದಿಂದ ಒಂದೇ ರಂಗೋಲಿ: ಏಳು ಚುಕ್ಕಿ, ನಾಲ್ಕರವರೆಗೆ. "ಲೇ, ಬೀದಿ ನಾಯಿಗೂ ಬಾಯಿಪಾಠ ಆಗೈತೆ ನಿನ್ ರಂಗೋಲಿ" ಎನ್ನುತ್ತಾಳೆ ಅಮ್ಮ.

ಇಂಥ ನನಗೆ ಹೊಸ ಸಾಹೇಬರು ಬಂದರು. ಬಂದ ದಿನವೇ ಗೋಡೆಗೆ ಬಿಳಿ ಬೋರ್ಡು ಹೊಡೆಸಿ, 'ಹೊಸ ಆಲೋಚನೆಗಳು' ಎಂದು ಬರೆಸಿದರು. ಅದರ ಕೆಳಗಿನ ಜಾಗವೆಲ್ಲ ಖಾಲಿ ಇತ್ತು. ಅದನ್ನು ದಿನಾ ಒರೆಸುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಆಗ ಆದಿವಾಲದ ತಿಪ್ಪೇಸ್ವಾಮಿ ಎಂಬ ರೈತರ ಶೇಂಗಾ ಬಂತು. ಬೀಜಕ್ಕೆಂದು ಅವರು ಬೆಳೆದದ್ದು ಅದೇ ಮೊದಲು. ಪಾಸಾಗಲು ನೂರಕ್ಕೆ ಎಪ್ಪತ್ತು ಮೊಳೆಯಬೇಕು. ಇಲ್ಲದಿದ್ದರೆ ಅಷ್ಟೂ ಎಣ್ಣೆ ಮಿಲ್ಲಿಗೆ. ಐದನೇ ದಿನ ಮೊಳೆತದ್ದು ನೂರಕ್ಕೆ ನಲವತ್ತು.

"ಗೊತ್ತಾತಲ್ಲಮ್ಮ. ಫೇಲ್ ಅಂತ ಬರೀರಿ. ಸ್ವಲ್ಪ ಹೊಸ ಥರ ಯೋಚ್ನೆ ಮಾಡ್ರಿ, ಐದು ದಿನ ಉಳೀತವೆ" ಎಂದರು ಸಾಹೇಬರು.

"ಹತ್ತನೇ ದಿನದ ಎಣಿಕೆ ಬಾಕಿ ಐತೆ, ಸರ್."

"ಸತ್ತಿರೋದನ್ನ ಎರಡು ಸಲ ಎಣಿಸ್ತೀರಾ?"

"ಕೈಪಿಡೀಲಿ ಎರಡು ಸಲ ಅಂತ ಐತೆ, ಸರ್."

ಹೊಸ ಬೆಳೆಯ ಶೇಂಗಾ ಕೆಲವೊಮ್ಮೆ ತಡವಾಗಿ ಏಳುತ್ತದೆ ಎಂದು ಎಲ್ಲೋ ಓದಿದ್ದೆ. ಅದನ್ನು ಹೇಳಿದ್ದರೆ ಜಾಣೆ ಎನಿಸಿಕೊಳ್ಳುತ್ತಿದ್ದೆ. ಆ ಕ್ಷಣ ನೆನಪಾಗಲಿಲ್ಲ. ನನ್ನ ಧೈರ್ಯವೆಲ್ಲ ಕೈಪಿಡಿಯ ಆ ಒಂದು ಸಾಲಿನದು. ಫೇಲ್ ವರದಿಗೆ ಸಹಿ ನನ್ನದಾಗಬೇಕಿತ್ತು, ನಾನು ಹಾಕಲಿಲ್ಲ.

ಏಳನೇ ದಿನ ತಿಪ್ಪೇಸ್ವಾಮಿಯವರೇ ಬಂದರು. "ಏನವ್ವ, ಬದುಕ್ಯಾವಾ? ಊರಾಗೆ ಮೂರು ಮನೇರು ನನ್ ಬೀಜ ನೆಚ್ಕಂಡು ಹೊಲ ಹದ ಮಾಡ್ಕಂಡು ಕುಂತವ್ರೆ."

"ಹತ್ತನೇ ದಿನ ಹೇಳ್ತೀನಿ, ಯಜಮಾನ್ರೆ."

"ಹೆರಿಗೆ ದಿನ ಹೇಳ್ದಂಗೆ ಹೇಳ್ತೀಯಲ್ಲವ್ವ" ಎಂದು ನಕ್ಕರು. ಆದರೆ ಹೊರಗಿನ ಬೆಂಚಿನಿಂದ ಬಹಳ ಹೊತ್ತು ಏಳಲಿಲ್ಲ.

ಹತ್ತನೇ ದಿನ ಸುರುಳಿ ಬಿಚ್ಚಿದೆ. ದಪ್ಪ ಬಿಳಿ ಬೇರುಗಳು ಒಂದರ ಮೇಲೊಂದು ಬಿದ್ದಿದ್ದವು. ಎಣಿಸಿದೆ, ನಂಬದೆ ಸಾಹೇಬರೂ ಎಣಿಸಿದರು. ನೂರಕ್ಕೆ ಎಂಬತ್ತೊಂದು. ತಿಪ್ಪೇಸ್ವಾಮಿಯವರಿಗೆ ಫೋನ್ ಮಾಡಿ ಪಾಸಾಯಿತು ಎಂದೆ. "ಹೆಣ್ಣೋ ಗಂಡೋ, ಅವ್ವ?" ಎಂದರು. ಸಾಹೇಬರು ಬೋರ್ಡಿನ ಬಳಿ ಹೋಗಿ, 'ಹೊಸ ಆಲೋಚನೆಗಳು' ಎಂಬುದರ ಕೆಳಗೆ ನನ್ನ ಹೆಸರು ಬರೆದರು. ಹಳೆಯ ಕೈಪಿಡಿಗೆ ಇಂಥ ಗೌರವ ಹಿಂದೆಂದೂ ಸಿಕ್ಕಿರಲಾರದು.

ಮರುದಿನ ಬೆಳಿಗ್ಗೆ, ಆ ಗೆಲುವಿನ ಅಮಲಿನಲ್ಲಿ, ರಂಗೋಲಿಗೆ ಎಂಟನೆಯ ಚುಕ್ಕಿ ಇಟ್ಟೆ. ಎಷ್ಟು ಸುತ್ತಿಸಿದರೂ ಗೆರೆಗಳು ಕೂಡಲಿಲ್ಲ. ಬಾಗಿಲಲ್ಲಿ ನಿಂತು ಕಾಫಿ ಕುಡಿಯುತ್ತಿದ್ದ ಅಮ್ಮ, "ಇರ್ಲಿ ಬಿಡೇ, ಹತ್ತನೇ ದಿನಕ್ಕೆ ಕೂಡ್ತವೇನೋ" ಎಂದಳು. ನಾನು ನೀರು ಚೆಲ್ಲಿ, ಗುಡಿಸಿ, ಏಳು ಚುಕ್ಕಿ ಇಟ್ಟೆ.